ಹೆಸರು ಕಳಕೊಂಡ ಹೀರೋ

ಸೂಪರ್‌ಮ್ಯಾನ್ ಯಾರು ಅಂತ ಕೇಳಿದರೆ ಮೂರನೇ ಕ್ಲಾಸಿನ ಹುಡುಗನೂ ಹೇಳ್ತಾನೆ. ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಅಂದ್ರೆ ಅವರ ಚಿತ್ರ ಅಚ್ಚು ಹಾಕಿದ ಬನಿಯನ್ನು ಫುಟ್‌ಪಾತಿನಲ್ಲೇ ಸಿಗುತ್ತೆ. ಶಜಾಮ್ ಯಾರು, ಹೇಳಿ ನೋಡೋಣ? ಅರ್ಧ ಜನ ತಲೆ ಕೆರಕೊಳ್ತೀರಿ. ಉಳಿದರ್ಧ ಜನ, ‘ಮೊಬೈಲಿನಲ್ಲಿ ಹಾಡಿನ ಹೆಸರು ಪತ್ತೆ ಮಾಡಿಕೊಡೋ ಆಪ್ ಅಲ್ವಾ ಸಾರ್?’ ಅಂತೀರಿ!

ತಪ್ಪು ನಿಮ್ಮದಲ್ಲ ಮಿತ್ರರೇ, ಆ ಹೀರೋನ ಹಣೆಬರಹವೇ ಹಾಗಿದೆ. 2019ರ ಏಪ್ರಿಲ್‌ನಲ್ಲಿ ಬಂದ ‘ಶಜಾಮ್!’ ಚಿತ್ರವನ್ನು ಮೊನ್ನೆ ಎರಡನೇ ಸಲ ನೋಡಿದೆ. ಮೊದಲ ಸಲ ಬರೀ ನಕ್ಕಿದ್ದೆ. ಈ ಸಲ ಆ ನಗುವಿನ ಹಿಂದೆ ಒಂದು ಹಳೇ ಕೋರ್ಟು ಕೇಸು ಕಾಣಿಸಿತು. ಅದನ್ನು ಹೇಳದೆ ಚಿತ್ರದ ಪೂರಾ ಮಜಾ ಸಿಗೋದಿಲ್ಲ. ಕೇಳಿ.

ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. 1940ರಲ್ಲಿ ಅಮೆರಿಕದ ಫಾಸೆಟ್ ಎಂಬ ಕಂಪನಿ ಇನ್ನೊಬ್ಬನನ್ನು ಇಳಿಸಿತು. ಬರೆದವರು ಬಿಲ್ ಪಾರ್ಕರ್, ಚಿತ್ರ ಬಿಡಿಸಿದವರು ಸಿ.ಸಿ. ಬೆಕ್. ಹೀರೋನ ಹೆಸರು ಕ್ಯಾಪ್ಟನ್ ಮಾರ್ವೆಲ್. ಅವನೇ ನಮ್ಮ ಇವತ್ತಿನ ಶಜಾಮ್! ಬೀದಿಯಲ್ಲಿ ಪೇಪರ್ ಮಾರುವ ಅನಾಥ ಹುಡುಗ ಬಿಲ್ಲಿ ಬ್ಯಾಟ್‌ಸನ್. ಒಬ್ಬ ಮುದಿ ಮಾಂತ್ರಿಕ ಅವನಿಗೆ ಮಂತ್ರ ಕೊಡ್ತಾನೆ. ‘ಶಜಾಮ್’ ಅಂದ ಕೂಡಲೇ ಢಮಾರ್ ಅಂತ ಸಿಡಿಲು ಬಡಿದು ಹುಡುಗ ಆಳೆತ್ತರದ ಬಲಭೀಮನಾಗ್ತಾನೆ. ಸಾಲೊಮನ್ನನ ಬುದ್ಧಿ, ಹರ್ಕ್ಯುಲಿಸನ ಬಲ, ಅಟ್ಲಾಸನ ತಾಳಿಕೆ, ಜ್ಯೂಸನ ಶಕ್ತಿ, ಅಕಿಲೀಸನ ಧೈರ್ಯ, ಮರ್ಕ್ಯುರಿಯ ವೇಗ... ಈ ಆರು ಹೆಸರುಗಳ ಮೊದಲಕ್ಷರ ಸೇರಿದ್ದೇ ಆ ಮಂತ್ರ.

ಸೂಪರ್‌ಮ್ಯಾನ್ ಹುಟ್ಟುತ್ತಲೇ ಬಲಶಾಲಿ, ಅದೂ ಬೇರೆ ಗ್ರಹದವನು. ಇವನೋ ಪುಸ್ತಕ ಓದುವ ಹುಡುಗನಂಥವನೇ ಒಬ್ಬ ಬಡಪಾಯಿ. ಹುಡುಗರು ಮುಗಿಬಿದ್ದರು. 1944ರ ಒಂದೇ ವರ್ಷದಲ್ಲಿ ಇವನ ಪುಸ್ತಕ 1 ಕೋಟಿ 40 ಲಕ್ಷ ಪ್ರತಿ ಖರ್ಚಾಯಿತು. ಸೂಪರ್‌ಮ್ಯಾನನ್ನೇ ಹಿಂದೆ ಹಾಕಿಬಿಟ್ಟ! ಪರದೆಗೂ ಇವನೇ ಮೊದಲು. 1941ರಲ್ಲೇ ರಿಪಬ್ಲಿಕ್ ಕಂಪನಿಯವರು ಟಾಮ್ ಟೈಲರನ್ನು ಹಾಕಿಕೊಂಡು 12 ಕಂತಿನ ಸೀರಿಯಲ್ ಚಿತ್ರ ತೆಗೆದರು. ಹಾರುವ ದೃಶ್ಯಕ್ಕೆ ತಂತಿಯ ಮೇಲೆ ಜಾರುವ ಗೊಂಬೆ! ಸೂಪರ್‌ಮ್ಯಾನನ ಸೀರಿಯಲ್ ಬಂದದ್ದು 1948ರಲ್ಲಿ.

ಸೂಪರ್‌ಮ್ಯಾನನ ಯಜಮಾನರು ಸುಮ್ಮನಿರ್ತಾರಾ? ‘ಇದು ನಮ್ಮ ಹುಡುಗನ ನಕಲು’ ಅಂತ 1941ರಲ್ಲಿ ದಾವೆ ಹೂಡಿದರು. ಕೇಸು ಹನ್ನೆರಡು ವರ್ಷ ಎಳೆಯಿತು. 1951ರಲ್ಲಿ ಅಪೀಲು ಕೋರ್ಟಿನ ಮಾತು ಫಾಸೆಟ್‌ಗೆ ವಿರುದ್ಧವಾಯಿತು. ಅಷ್ಟರಲ್ಲಿ ಪುಸ್ತಕಗಳ ವ್ಯಾಪಾರವೂ ಇಳಿಮುಖ. 1953ರಲ್ಲಿ 4 ಲಕ್ಷ ಡಾಲರ್ ತೆತ್ತು, ಇನ್ನು ಇವನನ್ನು ಅಚ್ಚು ಹಾಕೋದಿಲ್ಲ ಅಂತ ರಾಜಿ ಮಾಡಿಕೊಂಡು ಫಾಸೆಟ್ ಅಂಗಡಿ ಮುಚ್ಚಿತು.

ತಮಾಷೆ ಇರೋದು ಮುಂದೆ. 1972ರಲ್ಲಿ ಇವನನ್ನು ಬಾಡಿಗೆಗೆ ತಂದವರು ಯಾರು ಗೊತ್ತೇ? ಕೇಸು ಹಾಕಿದ ಅದೇ ಡಿ.ಸಿ. ಕಂಪನಿ! ಮನೆ ಕಿತ್ತುಕೊಂಡವನ ಹಟ್ಟಿಯಲ್ಲೇ ಆಳಾಗಿ ಸೇರಿದ ಹಾಗಾಯ್ತು. ಆದರೆ ಅಷ್ಟರಲ್ಲಿ, 1967ರಲ್ಲೇ, ಮಾರ್ವೆಲ್ ಕಂಪನಿಯವರು ‘ಕ್ಯಾಪ್ಟನ್ ಮಾರ್ವೆಲ್’ ಅನ್ನೋ ಹೆಸರಿನ ಬೇರೆ ಹೀರೋನನ್ನು ತಂದು ಹೆಸರನ್ನು ಕಟ್ಟಿಹಾಕಿಕೊಂಡಿದ್ದರು. ಹೀಗಾಗಿ ರಕ್ಷಾಪುಟದ ಮೇಲೆ ಅವನ ಹೆಸರೇ ಹಾಕುವಂತಿಲ್ಲ. ಮಂತ್ರವನ್ನೇ ಪುಸ್ತಕದ ಹೆಸರು ಮಾಡಿದರು. ಕೊನೆಗೆ ಹೀರೋನಿಗೂ ಅದೇ ಹೆಸರು ಅಂಟಿತು. ಪಾಪ, ‘ನಾನು ಶಜಾಮ್’ ಅಂತ ಅವನು ಪರಿಚಯ ಹೇಳಿಕೊಂಡರೆ ಸಿಡಿಲು ಬಡಿದು ಮತ್ತೆ ಹುಡುಗನಾಗಿಬಿಡ್ತಾನೆ!

ನಿರ್ದೇಶಕ ಡೇವಿಡ್ ಸ್ಯಾಂಡ್‌ಬರ್ಗ್ ಈ ಚಿತ್ರದಲ್ಲಿ ಇದನ್ನೇ ಹಾಸ್ಯ ಮಾಡಿಕೊಂಡಿದ್ದಾರೆ. ಈ ಮನುಷ್ಯ ಅದಕ್ಕೆ ಮುಂಚೆ ದೆವ್ವದ ಚಿತ್ರ ತೆಗೆಯುತ್ತಿದ್ದವರು! ಚಿತ್ರದುದ್ದಕ್ಕೂ ಹೀರೋನಿಗೆ ಹೆಸರೇ ಇಲ್ಲ. ಊರುಗೋಲಿನ ಗೆಳೆಯ ಫ್ರೆಡ್ಡಿ ದಿನಕ್ಕೊಂದು ನಾಮಕರಣ ಮಾಡ್ತಾನೆ, ‘ಕ್ಯಾಪ್ಟನ್ ಸ್ಪಾರ್ಕಲ್‌ಫಿಂಗರ್ಸ್’ ಅಂತಲೂ ಕರೀತಾನೆ. ಇನ್ನು ಆ ಚಿತ್ರಕ್ಕೆ ಒಂದು ತಿಂಗಳ ಮುಂಚೆ, 2019ರ ಮಾರ್ಚ್‌ನಲ್ಲಿ, ಮಾರ್ವೆಲ್‌ನವರ ‘ಕ್ಯಾಪ್ಟನ್ ಮಾರ್ವೆಲ್’ ತೆರೆಕಂಡು 100 ಕೋಟಿ ಡಾಲರ್ ದಾಟಿತು. ತನ್ನ ಹೆಸರು ಬೇರೆಯವರ ಪೋಸ್ಟರ್ ಮೇಲೆ! ಇವನ ಗಳಿಕೆ 36 ಕೋಟಿ ಡಾಲರ್ ಚಿಲ್ಲರೆ. 10 ಕೋಟಿಯಲ್ಲಿ ತೆಗೆದ ಚಿತ್ರಕ್ಕೆ ಅದೇನೂ ಕಮ್ಮಿ ಅಲ್ಲ ಬಿಡಿ.

ಜಕಾರಿ ಲೀವೈ ಅವರ ಅಭಿನಯಕ್ಕೆ ನಾನಂತೂ ಫುಲ್ ಮಾರ್ಕು ಕೊಡ್ತೀನಿ. ಆಗ ಅವರಿಗೆ ಮೂವತ್ತೆಂಟರ ಹತ್ತಿರ, ಒಳಗಿರೋದು 14ರ ಪೋರ. ದೊಡ್ಡವನಾದ ತಕ್ಷಣ ಅಂಗಡಿಗೆ ಹೋಗಿ ಬಿಯರ್ ಕೊಳ್ತಾನೆ, ಒಂದು ಗುಟುಕಿಗೇ ಥೂ ಅಂತ ಉಗೀತಾನೆ. ದರೋಡೆಗಾರರು ಗುಂಡು ಹಾರಿಸಿದರೆ ಇಬ್ಬರೂ ಹುಡುಗರು ಖುಷಿಯಿಂದ ಕುಣೀತಾರೆ. ಬೀದಿಯಲ್ಲಿ ಬೆರಳಿನಿಂದ ಮಿಂಚು ಹಾರಿಸಿ ಶೋಕಿ ಮಾಡ್ತಾ ಒಂದು ಬಸ್ಸಿಗೇ ತಗುಲಿಸ್ತಾನೆ. ಸೇತುವೆಯಿಂದ ಬೀಳುವ ಅದೇ ಬಸ್ಸನ್ನು ಹಿಡಿದು ನಿಲ್ಲಿಸಿ ‘ನೋಡಿದೆಯಾ ನನ್ನ ತಾಕತ್ತು’ ಅಂತ ಜಂಬ ಬೇರೆ! ಫ್ರೆಡ್ಡಿ ಅವನ ಚಳಿ ಬಿಡಿಸ್ತಾನೆ, ಬಸ್ಸು ಬಿದ್ದದ್ದೇ ನಿನ್ನಿಂದ ಅಂತ.

ಆದರೆ ನನ್ನ ಗಂಟಲು ಕಟ್ಟಿದ್ದು ಫೈಟಿಂಗಿನಲ್ಲಲ್ಲ. ಬಿಲ್ಲಿ ಚಿಕ್ಕಂದಿನಲ್ಲಿ ಜಾತ್ರೆಯಂಥ ಒಂದು ಕಡೆ ಅಮ್ಮನಿಂದ ತಪ್ಪಿಸಿಕೊಂಡವನು. ಅವಳು ಅಲ್ಲಿ ಗೆದ್ದುಕೊಟ್ಟ ಪುಟ್ಟ ದಿಕ್ಸೂಚಿಯನ್ನು ಜೋಪಾನ ಮಾಡಿಕೊಂಡು, ಸಾಕುಮನೆಗಳಿಂದ ಓಡಿ ಓಡಿ ಹುಡುಕ್ತಾನೆ. ಕೊನೆಗೆ ಸಿಕ್ತಾಳೆ. ನಮ್ಮ ಚಿತ್ರಗಳಲ್ಲಾದರೆ ಇಲ್ಲಿ ಪಿಟೀಲು, ಅಪ್ಪುಗೆ, ಕರ್ಚೀಫು. ಇಲ್ಲಿ? ಅವಳು ಬಾಗಿಲು ಅರ್ಧ ತೆಗೆದೇ ಮಾತಾಡ್ತಾಳೆ. ಅವನು ತಪ್ಪಿಸಿಕೊಂಡಿರಲೇ ಇಲ್ಲ. ಪೊಲೀಸರ ಕೈಯಲ್ಲಿ ಮಗ ಇರೋದನ್ನು ನೋಡಿಯೇ ಅವಳು ತಿರುಗಿ ಹೋದದ್ದು, ಆಗ ಅವಳಿಗೂ ಹದಿನೇಳೇ ವಯಸ್ಸು. ದಿಕ್ಸೂಚಿ ತೋರಿಸಿದರೆ, ಅದೇನು ಅಂತಲೂ ಅವಳಿಗೆ ನೆನಪಿಲ್ಲ! ಹುಡುಗ ಅದನ್ನು ಅವಳ ಕೈಗೇ ಕೊಟ್ಟು, ಆಪತ್ತಿನಲ್ಲಿರುವ ತನ್ನ ಸಾಕುಮನೆಯ ಮಕ್ಕಳ ಕಡೆಗೆ ಓಡ್ತಾನೆ. ಅಲ್ಲಿಂದಲೇ ಅವನು ನನ್ನ ಮಟ್ಟಿಗೆ ಹೀರೋ.

ಕೊರತೆ ಇಲ್ಲ ಅಂತಲ್ಲ. ವಿಲನ್ ಮಾರ್ಕ್ ಸ್ಟ್ರಾಂಗ್ ಗುರುಗುಟ್ಟೋದಕ್ಕಷ್ಟೇ ಸೀಮಿತ. ಆಫೀಸಿನಲ್ಲಿ ಅವನ ಭೂತಗಳು ನಡೆಸುವ ಕೊಲೆಗಳು ಮಕ್ಕಳಿಗೆ ನಿದ್ದೆ ಕೆಡಿಸೋವಷ್ಟು ಘೋರ. ಕೊನೆಯ ಹೊಡೆದಾಟಕ್ಕೆ ಹತ್ತು ನಿಮಿಷ ಕತ್ತರಿ ಹಾಕಬಹುದಿತ್ತು. 2023ರ ಎರಡನೇ ಭಾಗದ ಸುದ್ದಿ ಬೇಡವೇ ಬೇಡ, ಮಕಾಡೆ ಮಲಗಿತು.

ಮೊದಲನೆಯದನ್ನು ನೋಡುವವರು ಕೊನೇ ದೃಶ್ಯಕ್ಕೆ ಮುಂಚೆ ಎದ್ದು ಹೋಗಬೇಡಿ. ಫ್ರೆಡ್ಡಿಯ ಮಾತು ನಂಬದ ಸ್ಕೂಲ್ ಹುಡುಗರ ಎದುರಿಗೆ, ಊಟದ ಹಾಲಿಗೆ ನಮ್ಮ ಹೀರೋ ತಟ್ಟೆ ಹಿಡಕೊಂಡು ಬರ್ತಾನೆ. ಜೊತೆಗೆ ಇನ್ನೊಬ್ಬ ಗೆಳೆಯನನ್ನೂ ಕರೆತಂದಿದ್ದೀನಿ ಅಂತಾನೆ. ಎದೆ ಮೇಲೆ ‘ಎಸ್’ ಗುರುತು... ಸಾಕ್ಷಾತ್ ಸೂಪರ್‌ಮ್ಯಾನ್! ಆದರೆ ನಟ ಹೆನ್ರಿ ಕ್ಯಾವಿಲ್ ಶೂಟಿಂಗಿಗೆ ಸಿಗಲಿಲ್ಲ. ಹಾಗಾಗಿ ಕ್ಯಾಮರಾ ಕತ್ತಿನ ತನಕ ಮಾತ್ರ ಹೋಗಿ ನಿಲ್ಲುತ್ತೆ. ಹನ್ನೆರಡು ವರ್ಷ ಕೋರ್ಟಿಗೆ ಅಲೆಸಿದವನು ಊಟಕ್ಕೆ ಬಂದ, ಮುಖವೇ ತೋರಿಸಲಿಲ್ಲ!