ಬೇಸಿಗೆಯಲ್ಲಿ ಪಿಕಪ್ ಟೈರ್‌ಗೆ ಗಾಳಿ ಕಡಿಮೆ ಮಾಡಬೇಕಾ?

ಬಿಸಿಲು ಏರಿದಂತೆ ಈ ಮೆಸೇಜ್ ಮತ್ತೆ ಓಡಾಡುತ್ತದೆ: ‘ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಸ್ವಲ್ಪ ಗಾಳಿ ಬಿಡಿ.’ ಹಿಗ್ಗುವುದು ನಿಜ. 50 ಪಿಎಸ್‌ಐ ಇರುವ ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು 2 ಪಿಎಸ್‌ಐ ಏರುತ್ತದೆ, ಅಷ್ಟೇ. ಕಂಪನಿಯವರು ಇದನ್ನು ಲೆಕ್ಕ ಹಾಕಿಯೇ ಗಾಳಿ ನಿಗದಿ ಮಾಡಿರುತ್ತಾರೆ.

ನಿಜವಾದ ಅಪಾಯ ಗಾಳಿ ಕಡಿಮೆಯಾದಾಗ. ಲೋಡ್ ಹೊತ್ತ ಪಿಕಪ್‌ನ ಹಿಂದಿನ ಟೈರ್ ಪ್ರತಿ ಸುತ್ತಿಗೂ ಅಗತ್ಯಕ್ಕಿಂತ ಹೆಚ್ಚು ಬಗ್ಗುತ್ತದೆ. ಆ ಬಗ್ಗುವಿಕೆಯಿಂದಲೇ ಒಳಗೆ ಬಿಸಿ ಹುಟ್ಟಿ, ರಬ್ಬರ್ ಪದರಗಳು ಬಿಟ್ಟುಕೊಳ್ಳುತ್ತವೆ. ಅಮೆರಿಕದಲ್ಲಿ 2000ರಲ್ಲಿ ಫೈರ್‌ಸ್ಟೋನ್ 65 ಲಕ್ಷ ಟೈರ್ ವಾಪಸ್ ಪಡೆದಾಗ ಕಡಿಮೆ ಗಾಳಿ, ಬಿಸಿಲು ಎರಡೂ ಚರ್ಚೆಗೆ ಬಂದಿದ್ದವು.

ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು. ಎಷ್ಟು ಇರಬೇಕೆಂಬುದು ಮ್ಯಾನುವಲ್‌ನಲ್ಲಿದೆ. ಲೋಡ್‌ಗೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ದಾರಿಯಲ್ಲಿ ಬಿಸಿ ಟೈರ್ ನಾಲ್ಕಾರು ಪಿಎಸ್‌ಐ ಹೆಚ್ಚು ತೋರಿಸಿದರೆ ಗಾಳಿ ಬಿಡಬೇಡಿ.