ಮುಂದಿನ ಸಾಲಿನ ಎರಡು ಕುರ್ಚಿಗಳು

ಈಚೆಗೆ ಒಂದು ಸಂಜೆ, ಸಂಗೀತರಸಿಕರಾದ ನನ್ನ ಹಿರಿಯ ಮಿತ್ರರೊಬ್ಬರ ಮನೆಯಲ್ಲಿ ಅಮೆರಿಕದ ನೀನಾ ಸಿಮೋನಳ ಹಾಡು ಕೇಳುತ್ತ ಕುಳಿತಿದ್ದೆವು. ಜಾಜ್ ಸಂಗೀತದ ಮಾತು ಬಂದಾಗ ನೆನಪಾಗುವ ದೊಡ್ಡ ಹೆಸರುಗಳಲ್ಲಿ ಆಕೆಯದೂ ಒಂದು. ಪಿಯಾನೋ ನುಡಿಸುತ್ತ ತಾನೇ ಹಾಡುತ್ತಿದ್ದವಳು. ಹಾಡು ಮುಗಿಯಿತು. ಮಿತ್ರರು ಕಾಫಿಯ ಲೋಟ ಕೆಳಗಿಟ್ಟು, “ಆ ಸಂಗೀತಶಾಲೆಯವರು ಈಕೆಯನ್ನು ಸೇರಿಸಿಕೊಳ್ಳದೆ ಹೋದದ್ದು ಎಷ್ಟು ಒಳ್ಳೆಯದಾಯಿತು ನೋಡಿ! ಸೇರಿಸಿಕೊಂಡಿದ್ದರೆ ನಮಗೆ ಈ ಗಾಯಕಿ ಎಲ್ಲಿ ಸಿಗುತ್ತಿದ್ದಳು? ಆದದ್ದೆಲ್ಲ ಒಳ್ಳೆಯದಕ್ಕೇ” ಎಂದರು. ಅಲ್ಲಿದ್ದವರೆಲ್ಲ ತಲೆದೂಗಿದರು, ನಾನೂ ತೂಗಿದೆ. ಮನೆಗೆ ಬಂದಮೇಲೆ ಹಾಗೆ ತೂಗಿದ್ದಕ್ಕೆ ನಾಚಿಕೆಯಾಯಿತು. ಈ ಲೇಖನ ಆ ನಾಚಿಕೆಯ ಫಲ.

ನೀನಾ ಸಿಮೋನ್ ಎಂಬುದು ಆಮೇಲೆ ಇಟ್ಟುಕೊಂಡ ಹೆಸರು. ಹುಟ್ಟುಹೆಸರು ಯೂನಿಸ್ ವೇಮನ್. ಉತ್ತರ ಕೆರೋಲಿನಾ ರಾಜ್ಯದ ಪಶ್ಚಿಮಕ್ಕೆ, ಬ್ಲೂ ರಿಜ್ ಬೆಟ್ಟಸಾಲಿನ ಮಗ್ಗುಲಲ್ಲಿರುವ ಟ್ರೈಯನ್ ಎಂಬ ಪುಟ್ಟ ಊರಿನಲ್ಲಿ, 1933ರಲ್ಲಿ ಆಕೆ ಹುಟ್ಟಿದ್ದು. ಕಪ್ಪು ಜನರ ಬಡ ಮನೆ. ಮೂರು ಕೋಣೆ, ಎಂಟು ಮಕ್ಕಳು. ತಾಯಿ ಮೆಥಡಿಸ್ಟ್ ಪಂಥದ ಉಪದೇಶಕಿ. ಹೊಟ್ಟೆಪಾಡಿಗೆ ಬಿಳಿಯರ ಮನೆಗೆಲಸ. ಮಗು ಚಿಕ್ಕಂದಿನಲ್ಲಿಯೇ ಚರ್ಚಿನ ಹಾಡುಗಳನ್ನು ಕಿವಿಯಿಂದಲೇ ಹಿಡಿದು ನುಡಿಸತೊಡಗಿತು. ತಾಯಿ ಕೆಲಸಕ್ಕಿದ್ದ ಮನೆಯಾಕೆ ಪಾಠಕ್ಕೆ ಹಣ ಕೊಟ್ಟಳು. ಮ್ಯೂರಿಯಲ್ ಮಸನೋವಿಚ್ ಎಂಬ ಇಂಗ್ಲಿಷ್ ಮಹಿಳೆ ಪಾಠ ಹೇಳಿ, ಬಾಖನ ಸಂಗೀತದ ರುಚಿ ಹತ್ತಿಸಿದಳು. ಹುಡುಗಿಯ ಮುಂದಿನ ಕಲಿಕೆಗೆಂದು ಊರಿನಲ್ಲಿ ಚಂದಾ ಎತ್ತಿದಳು. ಈ ಉಪಕಾರವನ್ನು ಮರೆಮಾಚಿ ವಾದ ಗೆಲ್ಲುವ ಆಸೆ ನನಗಿಲ್ಲ.

ಅದೇ ಊರಿನಲ್ಲಿ, ಹನ್ನೆರಡರ ಆಸುಪಾಸಿನ ಆ ಹುಡುಗಿಯ ಕಚೇರಿ ಏರ್ಪಾಡಾಯಿತು. ತಂದೆತಾಯಿಗಳು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಬಿಳಿಯರಿಗೆ ಜಾಗ ಬೇಕೆಂದು ಅವರನ್ನು ಎಬ್ಬಿಸಿ ಹಿಂದಕ್ಕೆ ಕಳುಹಿಸಿದರು. ಅವರು ಮತ್ತೆ ಮುಂದೆ ಬಂದು ಕೂರುವವರೆಗೆ ನುಡಿಸಲಾರೆನೆಂದು ಹುಡುಗಿ ಹಟ ಹಿಡಿದಳು. ಅವರನ್ನು ಕರೆತಂದಮೇಲೆಯೇ ನುಡಿಸಿದಳು. ಚಂದಾ ಕೊಟ್ಟ ಊರೇ ಕುರ್ಚಿಯಿಂದ ಎಬ್ಬಿಸಿದ ಊರು. ಮಗಳ ಬೆರಳುಗಳು ಬೇಕು, ಹೆತ್ತವರು ಮಾತ್ರ ಕಣ್ಣಿಗೆ ಬೀಳಬಾರದು!

ಆಕೆಯ ಗುರಿ ಒಂದೇ: ಶಾಸ್ತ್ರೀಯ ಸಂಗೀತದ ಪಿಯಾನೋ ವಿದುಷಿಯಾಗುವುದು. 1950ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಅಭ್ಯಾಸ, 1951ರಲ್ಲಿ ಫಿಲಡೆಲ್ಫಿಯದ ಕರ್ಟಿಸ್ ಸಂಸ್ಥೆಯ ಪ್ರವೇಶ ಪರೀಕ್ಷೆ, ಅಲ್ಲಿ ನಿರಾಕರಣೆ. ಮೈಬಣ್ಣವೇ ಕಾರಣವೆಂದು ಆಕೆ ನಂಬಿದ್ದಳು. ಅಲ್ಲಿನ ಅಧ್ಯಾಪಕ ವ್ಲಾಡಿಮಿರ್ ಸೊಕೊಲಾಫ್, ಆಮೇಲೆ ಆಕೆಗೆ ಖಾಸಗಿಯಾಗಿ ಪಾಠ ಹೇಳಿದವರು, ಬಣ್ಣ ಕಾರಣವಲ್ಲವೆಂದರು. ಆ ಕಾಲದಲ್ಲಿಯೇ ಕಪ್ಪು ಜನಾಂಗದ ಪಿಯಾನೋ ವಿದ್ಯಾರ್ಥಿನಿಯೊಬ್ಬಳು ಅಲ್ಲಿದ್ದುದೂ ನಿಜ. ಆ ವಾದ ಇರಲಿ. ಟ್ರೈಯನ್ನಿನ ಸಭೆಯಲ್ಲಿ ನಡೆದದ್ದಕ್ಕೆ ಕಾರಣವೇನೆಂಬುದರಲ್ಲಿ ವಾದವಿಲ್ಲವಷ್ಟೆ? ಬಣ್ಣ ನೋಡಿ ಹೆತ್ತವರನ್ನು ಎಬ್ಬಿಸಿದುದನ್ನು ಕಣ್ಣಾರೆ ಕಂಡ ಮಗುವಿಗೆ, ಮುಂದೆ ಮುಚ್ಚಿದ ಬಾಗಿಲಿನ ಹಿಂದೆಯೂ ಅದೇ ಕೈ ಕಂಡರೆ, ತಪ್ಪು ಆ ಮಗುವಿನದೆ?

1954ರಲ್ಲಿ ಆಕೆ ಅಟ್ಲಾಂಟಿಕ್ ಸಿಟಿಯ ಒಂದು ಬಾರಿನಲ್ಲಿ ನುಡಿಸಲು ಕುಳಿತಳು. ಹಾಡದಿದ್ದರೆ ಕೆಲಸವಿಲ್ಲವೆಂದರು, ಹಾಡಿದಳು. ತಾಯಿಗೆ ತಿಳಿಯದಿರಲೆಂದು ಹೆಸರು ಬದಲಿಸಿದಳು. “ಲವ್ ಮಿ ಆರ್ ಲೀವ್ ಮಿ” ಎಂಬ ಆಕೆಯ ಹಾಡಿನ ನಡುವೆ ಪಿಯಾನೋ ಬಾಖನ ರೀತಿಯಲ್ಲಿ ಒಂದು ಸ್ವರಸಾಲಿನೊಡನೆ ಇನ್ನೊಂದನ್ನು ಹೆಣೆಯುತ್ತ ಹೋಗುತ್ತದೆ. ಜಾಜಿನ ಚಮತ್ಕಾರವೆಂದು ರಸಿಕರು ಮೆಚ್ಚುತ್ತಾರೆ. ನನಗೆ ಅದು ಶಾಲೆಯ ಹೊರಗೆ ನಿಂತು ಒಪ್ಪಿಸಿದ ಪಾಠದಂತೆ ಕೇಳುತ್ತದೆ. ಜಾಜ್ ಎಂಬುದು ಬಿಳಿಯರು ಅಂಟಿಸಿದ ಹೆಸರು, ತನ್ನದು ಕಪ್ಪು ಜನರ ಶಾಸ್ತ್ರೀಯ ಸಂಗೀತ ಎಂದೇ ಆಕೆ ಹೇಳುತ್ತಿದ್ದಳು. ಜಾಜ್ ಕೀಳು, ಬಾಖ್ ಮೇಲು ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ನುಡಿಸಬೇಕೆಂದು ಆರಿಸುವ ಹಕ್ಕು ನುಡಿಸುವವಳದು ಎನ್ನುತ್ತಿದ್ದೇನೆ.

ಈಗ ಮಿತ್ರರ ಮಾತಿಗೆ ಬರೋಣ. ಒಳ್ಳೆಯದಾಯಿತು, ಸರಿ, ಯಾರಿಗೆ? ನಷ್ಟ ಆಕೆಯದು, ಲಾಭ ನಮ್ಮದು. ಲೆಕ್ಕ ಬರೆಯುವವರೂ ನಾವೇ. ಹೀಗೆ ಬರೆದರೆ ಯಾವ ಅನ್ಯಾಯದ ಲೆಕ್ಕವಾದರೂ ಸರಿಹೋಗದೆ ಇರುತ್ತದೆಯೆ? ಕಷ್ಟವೇ ಕಲಾವಿದರನ್ನು ಬೆಳೆಸುತ್ತದೆ ಎನ್ನುವವರು, ಅದೇ ಕಷ್ಟದಲ್ಲಿ ಪಿಯಾನೋದ ಮುಚ್ಚಳ ಹಾಕಿ ಎದ್ದುಹೋದವರನ್ನು ಎಣಿಸುವುದಿಲ್ಲ. ಅವರ ಧ್ವನಿಮುದ್ರಿಕೆ ಇಲ್ಲವಲ್ಲ! ನನ್ನ ಮಿತ್ರರ ಮೊಮ್ಮಗಳು ವೀಣೆ ಕಲಿಯುತ್ತಿದ್ದಾಳೆ. ಪಾಠಕ್ಕೆ ಒಬ್ಬರು, ತಾಳಕ್ಕೆ ಇನ್ನೊಬ್ಬರು ಮನೆಗೇ ಬರುತ್ತಾರೆ. ಅವಮಾನದಿಂದ ಕಲೆ ಅರಳುವುದಾದರೆ ಆ ಮಗುವಿಗೇಕೆ ಈ ಸೌಕರ್ಯ? ನಾಳೆಯಿಂದ ಇಬ್ಬರನ್ನೂ ಬಿಡಿಸಿ ನೋಡಲಿ. ಬಿಡಿಸುವುದಿಲ್ಲ, ಬಿಡಿಸಲೂಬಾರದು. ಅವಮಾನದ ಮಹಿಮೆಯನ್ನು ನಾವು ಹಾಡುವುದು ಪರರ ಮಕ್ಕಳ ವಿಷಯದಲ್ಲಿ ಮಾತ್ರ.

2003ರ ಏಪ್ರಿಲಿನಲ್ಲಿ ಕರ್ಟಿಸ್ ಸಂಸ್ಥೆ ಆಕೆಗೆ ಗೌರವ ಪದವಿ ಕೊಟ್ಟಿತು. ಎರಡು ದಿನಗಳಲ್ಲಿ ಆಕೆ ಫ್ರಾನ್ಸಿನಲ್ಲಿ ತೀರಿಕೊಂಡಳು. 2010ರಲ್ಲಿ ಟ್ರೈಯನ್ನಿನಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತಿತು. 2017ರಲ್ಲಿ ನಾಲ್ವರು ಕಪ್ಪು ಕಲಾವಿದರು ಕೂಡಿ 95,000 ಡಾಲರ್ ಕೊಟ್ಟು, ಆಕೆ ಹುಟ್ಟಿದ ಮನೆ ನೆಲಸಮವಾಗದಂತೆ ಉಳಿಸಿಕೊಂಡರು. ಇವೆಲ್ಲ ಒಳ್ಳೆಯ ಕೆಲಸಗಳೇ, ನಾನು ಹಳಿಯುವುದಿಲ್ಲ. ಆದರೆ ಪ್ರತಿಮೆಗೆ ಜಾಗ ಬಿಡುವಾಗ ಯಾರೂ ತಮ್ಮ ಆಸನದಿಂದ ಏಳಬೇಕಾಗಿಲ್ಲ.

ಮಿತ್ರರನ್ನು ಈ ಭಾನುವಾರ ಮತ್ತೆ ಕಾಣಲಿದ್ದೇನೆ. ಅದೇ ಹಾಡನ್ನು ಹಾಕಿಸಿ ಕೇಳುತ್ತೇನೆ, ಸಂತೋಷದಿಂದಲೇ ಕೇಳುತ್ತೇನೆ. ಮುಗಿದಮೇಲೆ ಅವರು “ಆದದ್ದೆಲ್ಲ ಒಳ್ಳೆಯದಕ್ಕೇ” ಎಂದರೆ ಮಾತ್ರ ಈ ಸಲ ತಲೆದೂಗುವುದಿಲ್ಲ. ಆ ದಿನ ಕುರ್ಚಿ ಬಿಟ್ಟು ಎದ್ದವರು ನಾವಲ್ಲ. ಒಳ್ಳೆಯದಾಯಿತೆಂದು ಹೇಳುವ ಅಧಿಕಾರ ನಮಗೆಲ್ಲಿಂದ ಬಂತು?