ಗೇಟ್ ಡ್ರೈವರ್ ಖರೀದಿ: ದರಪಟ್ಟಿಯಲ್ಲಿ ಕಾಣದ ಅಂಕಿ

ಇನ್ವರ್ಟರ್, ಮೋಟಾರ್ ಡ್ರೈವ್ ಹಾಗೂ ವಿದ್ಯುತ್ ವಾಹನಗಳ ಚಾರ್ಜರ್ ತಯಾರಿಸುವ ಸಣ್ಣ ಉದ್ಯಮಿಗಳಿಗೆ ಇಂದು ಸಿಲಿಕಾನ್ ಕಾರ್ಬೈಡ್ ಟ್ರಾನ್ಸಿಸ್ಟರುಗಳು ಸುಲಭವಾಗಿ ಲಭ್ಯವಿವೆ. ಐ.ಜಿ.ಬಿ.ಟಿ.ಗಿಂತ ಇವುಗಳಲ್ಲಿ ಶಕ್ತಿನಷ್ಟ ಕಡಿಮೆಯಾದ್ದರಿಂದ ಈ ಬದಲಾವಣೆ ಸ್ವಾಗತಾರ್ಹ. ಆದರೆ ಟ್ರಾನ್ಸಿಸ್ಟರನ್ನಷ್ಟೇ ಬದಲಿಸಿ, ಅದನ್ನು ನಿಯಂತ್ರಿಸುವ ಗೇಟ್ ಡ್ರೈವರನ್ನು ಹಳೆಯದನ್ನೇ ಉಳಿಸಿಕೊಂಡರೆ ಲಾಭದ ಲೆಕ್ಕ ತಲೆಕೆಳಗಾಗಬಹುದು.

415 ವೋಲ್ಟ್ ತ್ರೀ-ಫೇಸ್ ವಿದ್ಯುತ್ತನ್ನು ಡಿ.ಸಿ.ಗೆ ಪರಿವರ್ತಿಸಿದಾಗ ಸುಮಾರು 590 ವೋಲ್ಟ್ ದೊರೆಯುತ್ತದೆ. ಐ.ಜಿ.ಬಿ.ಟಿ. ಇದನ್ನು 100 ನ್ಯಾನೋಸೆಕೆಂಡಿನಲ್ಲಿ ಏರಿಳಿಸಿದರೆ ಬದಲಾವಣೆಯ ವೇಗ ಮೈಕ್ರೋಸೆಕೆಂಡಿಗೆ ಸುಮಾರು 6 ಕಿಲೋವೋಲ್ಟ್. ಸಿಲಿಕಾನ್ ಕಾರ್ಬೈಡ್ ಅದೇ ಕೆಲಸವನ್ನು 10 ನ್ಯಾನೋಸೆಕೆಂಡಿನಲ್ಲಿ ಮುಗಿಸಿದರೆ ಆ ವೇಗ 59 ಕಿಲೋವೋಲ್ಟಿಗೆ ಏರುತ್ತದೆ. ಡ್ರೈವರಿನೊಳಗಿನ ನಿರೋಧಕ ಪದರದಲ್ಲಿ ಕೇವಲ 1 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದ್ದರೂ ಆ ಕ್ಷಣ 59 ಮಿಲಿಆಂಪಿಯರ್ ಅನಪೇಕ್ಷಿತ ಪ್ರವಾಹ ಅದನ್ನು ದಾಟುತ್ತದೆ. ಇದರಿಂದ ಸಂಕೇತ ಕೆಟ್ಟು ಮೇಲಿನ ಮತ್ತು ಕೆಳಗಿನ ಟ್ರಾನ್ಸಿಸ್ಟರುಗಳು ಒಟ್ಟಿಗೆ ಆನ್ ಆದರೆ ಶಾರ್ಟ್ ಸರ್ಕ್ಯೂಟ್ ಉಂಟಾಗಿ ಎರಡೂ ಸುಡುತ್ತವೆ. ಈ ಆಘಾತವನ್ನು ತಾಳುವ ಸಾಮರ್ಥ್ಯವೇ ಕಾಮನ್ ಮೋಡ್ ಟ್ರಾನ್ಸಿಯೆಂಟ್ ಇಮ್ಯೂನಿಟಿ, ಅಂದರೆ ಸಿ.ಎಂ.ಟಿ.ಐ.

ಖರೀದಿಯ ವೇಳೆ ‘5,000 ವೋಲ್ಟ್ ಐಸೊಲೇಷನ್’ ಎಂಬ ಬರಹವನ್ನಷ್ಟೇ ಕಂಡು ತೃಪ್ತರಾಗುವುದು ಸರಿಯಲ್ಲ. ಆ ಅಂಕಿ ಒಂದು ನಿಮಿಷ ಕಾಲ ಎಷ್ಟು ವೋಲ್ಟೇಜನ್ನು ತಾಳಬಲ್ಲದೆಂದು ತಿಳಿಸುತ್ತದೆಯೇ ಹೊರತು ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಳೆಯ ಆಪ್ಟೋಕಪ್ಲರ್ ಡ್ರೈವರುಗಳಲ್ಲಿ ಅನೇಕವು ಮೈಕ್ರೋಸೆಕೆಂಡಿಗೆ 15ರಿಂದ 35 ಕಿಲೋವೋಲ್ಟಿನವು. ಹೊಸ ಪೀಳಿಗೆಯವುಗಳಲ್ಲಿ ಅನೇಕವು 100 ಕಿಲೋವೋಲ್ಟಿಗೂ ಮೇಲ್ಪಟ್ಟವು.

ಹಾಗೆಂದು ಎಲ್ಲರೂ ದುಬಾರಿ ಡ್ರೈವರನ್ನೇ ಕೊಳ್ಳಬೇಕಾಗಿಲ್ಲ. ಐ.ಜಿ.ಬಿ.ಟಿ.ಯನ್ನೇ ಮುಂದುವರಿಸುವವರಿಗೆ ಹಳೆಯದೇ ಸಾಕಾಗಬಹುದು. ಗೇಟ್ ರೆಸಿಸ್ಟರನ್ನು ಹೆಚ್ಚಿಸಿ ವೇಗ ತಗ್ಗಿಸುವ ಮಾರ್ಗವೂ ಉಂಟು. ಆದರೆ ಸಿಲಿಕಾನ್ ಕಾರ್ಬೈಡಿಗೆ ತೆತ್ತ ಹಣದ ಪ್ರಯೋಜನವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಆದುದರಿಂದ ತಯಾರಕರು ಸಿ.ಎಂ.ಟಿ.ಐ.ಯ ಕನಿಷ್ಠ ಖಾತರಿ ಮೌಲ್ಯವನ್ನು ಖರೀದಿ ಆದೇಶದಲ್ಲಿಯೇ ನಮೂದಿಸುವುದು ಒಳಿತು. ‘ಸಾಮಾನ್ಯ’ ಎಂದು ಮುದ್ರಿತವಾದ ಮೌಲ್ಯ ಖಾತರಿಯಲ್ಲ. ಬಿಡಿಭಾಗಗಳ ವರ್ತಕರು ‘ಸಮಾನ’ವೆಂದು ಬದಲಿ ಚಿಪ್ ನೀಡುವ ಮುನ್ನ ಈ ಅಂಕಿಯನ್ನೂ ಹೋಲಿಸಿ ನೋಡಬೇಕು. ಕಡಿಮೆ ವೋಲ್ಟೇಜಿನ ಪರೀಕ್ಷೆಯಲ್ಲಿ ಈ ದೋಷ ಕಾಣಿಸಿಕೊಳ್ಳದೇ ಹೋಗಬಹುದು. ಪೂರ್ಣ ವೋಲ್ಟೇಜು, ಪೂರ್ಣ ಹೊರೆಯಲ್ಲಿ ಪರೀಕ್ಷಿಸಿಯೇ ಸರಕು ಕಳುಹಿಸಬೇಕು. ಚಿಪ್ಪಿನಲ್ಲಿ ಉಳಿಸಿದ ಕೆಲವು ರೂಪಾಯಿಗಳಿಗಾಗಿ ವಾರಂಟಿಯ ಹೊರೆಯನ್ನೂ ಗ್ರಾಹಕರ ಅವಿಶ್ವಾಸವನ್ನೂ ಹೊರುವುದು ಯಾವ ವ್ಯಾಪಾರಕ್ಕೂ ಲೇಸಲ್ಲ.